ಮಣ್ಣಿದ್ದಲ್ಲೇ ಮಣ್ಣು ಹುಟ್ಟುತ್ತದೆ

ಕೂಡ್ಲಿಗಿ ಸೀಮೆಯಲ್ಲಿ ಹೊಲಕ್ಕೆ ಬೋರ್ ಕೊರೆಸಿದವರು ಎದುರಾದರೆ ಜನ ಮೊದಲು ಕೇಳುವುದು ನೀರು ಎಷ್ಟು ಇಂಚು ಬಂತು ಅಂತ. ಅದರ ಬೆನ್ನಿಗೇ ಬರುವ ಪ್ರಶ್ನೆ, "ಕೇಸಿಂಗ್ ಎಷ್ಟ್ ಹೋತಣ್ಣ?" ಒಬ್ಬರು ನಲವತ್ತಡಿ ಅನ್ನುತ್ತಾರೆ, ಪಕ್ಕದ ಹೊಲದವರು ಎಂಬತ್ತಡಿ ಅನ್ನುತ್ತಾರೆ. ಗುಡ್ಡದ ಬುಡದಲ್ಲಿ ಕೊರೆಸಿದವರು "ಹತ್ತಡಿಗೇ ಕಲ್ಲು ಸಿಕ್ತು" ಎಂದು ನಿಟ್ಟುಸಿರು ಬಿಡುತ್ತಾರೆ. ಎಲ್ಲರಿಗೂ ಆ ಅಡಿಗಳ ಮೇಲೆ ಗಮನ ಇರುವುದು ಪೈಪಿನ ಖರ್ಚಿನಿಂದಾಗಿ. ಆದರೆ ಆ ಸಂಖ್ಯೆಯಲ್ಲಿ ಈ ನೆಲದ ಬಹು ದೊಡ್ಡ ಚರಿತ್ರೆಯೊಂದು ಅಡಗಿದೆ.

ಕೇಸಿಂಗ್ ಪೈಪನ್ನು ಇಳಿಸುವುದು ಮೇಲಿನ ಸಡಿಲ ಪದರ ಕುಸಿದು ಬೋರು ಮುಚ್ಚದಿರಲಿ ಎಂದು. ಗಟ್ಟಿ ಕಲ್ಲು ಸಿಕ್ಕ ಮೇಲೆ ಪೈಪು ಬೇಡ, ಬಂಡೆಯೇ ಗೋಡೆಯಾಗಿ ನಿಲ್ಲುತ್ತದೆ. ಅಂದರೆ ಕೇಸಿಂಗ್ ಹೋದಷ್ಟು ಆಳಕ್ಕೆ ಅಲ್ಲಿನ ಬಂಡೆ ಕೊಳೆತು ಮೆತ್ತಗಾಗಿದೆ. ರಿಗ್ ಲಾರಿಯ ಪಕ್ಕ ನಿಂತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಮೊದಲು ಹಾರಿ ಬೀಳುವುದು ಕೆಂಪು ಮಣ್ಣು. ಆಮೇಲೆ ಹಳದಿ ಬೆರೆತ ಬಿಳಿ ಪುಡಿ, ನಡುನಡುವೆ ಮಿಣಮಿಣ ಹೊಳೆಯುವ ಕಾಗೆ ಬಂಗಾರ. ಅಂಗೈಯಲ್ಲಿ ಹಿಸುಕಿದರೆ ಕಲ್ಲಿನ ಗುರುತು ಇನ್ನೂ ಇರುತ್ತದೆ, ಆದರೆ ಬೆರಳಿಗೇ ಪುಡಿಯಾಗುತ್ತದೆ. ಇದೇ ನಮ್ಮ ಗರಸು. ಅದಾದ ಮೇಲೆ ಇದ್ದಕ್ಕಿದ್ದಂತೆ ಸದ್ದು ಬದಲಾಗಿ, ಬೂದು ಬಣ್ಣದ ನುಣ್ಣನೆಯ ಧೂಳು ಮೇಲೇಳುತ್ತದೆ. ಅಲ್ಲಿಂದ ಕೆಳಕ್ಕೆ ಕೊಳೆಯದ ಕಲ್ಲು. ಮುಂದೆ ನೀರೇನಾದರೂ ಸಿಕ್ಕರೆ ಅದು ಬಿರುಕುಗಳಲ್ಲಿ ಮಾತ್ರ. ಕೊರೆಯುವ ಹುಡುಗರು ಅದಕ್ಕೆ "ಗ್ಯಾಪ್" ಅನ್ನುತ್ತಾರೆ.

ಈ ಕಲ್ಲಿಗೆ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತಲ್ಲ, ಆ ಹೆಸರೇ ಭೂವಿಜ್ಞಾನದಲ್ಲಿ ಉಳಿದು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ರಾಮನಗರದಿಂದ ಹೊರಟು ಪಾವಗಡ, ಮೊಳಕಾಲ್ಮೂರು, ಕೂಡ್ಲಿಗಿಯ ಪೂರ್ವಭಾಗ ಹಾಯ್ದು ಹಂಪಿಯ ಆಚೆಗೂ ಹೋಗುವ, ಸುಮಾರು 400 ಕಿಲೋಮೀಟರ್ ಉದ್ದದ ಕಿರಿದಾದ ಪಟ್ಟಿ ಅದು. ಭೂಮಿಯ ಮೇಲೆ ಹುಟ್ಟಿದ ಕಲ್ಲಲ್ಲ. ಕಿಲೋಮೀಟರುಗಟ್ಟಲೆ ಆಳದಲ್ಲಿ, ಮೇಲಿನ ಭಾರವನ್ನೆಲ್ಲ ಹೊತ್ತುಕೊಂಡು, ನಿಧಾನವಾಗಿ ತಣಿದು ಗಟ್ಟಿಯಾದದ್ದು. ಗುಡೇಕೋಟೆಯ ಕೋಟೆಯ ಮೇಲೆ ನಿಂತು ಸುತ್ತಲಿನ ಗುಂಡುಗಳನ್ನು ನೋಡುವಾಗ ನಾವು ನೋಡುತ್ತಿರುವುದು ಒಂದು ಕಾಲದ ಪಾತಾಳವನ್ನು. ಮೇಲಿದ್ದ ಅಷ್ಟೂ ಕಲ್ಲು ಸವೆದು, ಕರಗಿ, ಹರಿದು ಹೋಗಿದೆ. ಹೊತ್ತ ಭಾರ ಇಳಿದಾಗ ಕೆಳಗಿದ್ದ ಬಂಡೆ ತುಸು ಹಿಗ್ಗಿತು, ಹಿಗ್ಗಿದಾಗ ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಬಿಟ್ಟಿತು. ಹಾಸುಬಂಡೆಗಳ ಮೇಲೆ ನಡೆಯುವಾಗ ಕೆಲವು ಕಡೆ ಕಾಲಡಿಯಲ್ಲಿ ಟೊಳ್ಳು ಸದ್ದು ಕೇಳುತ್ತದೆ. ಹೆಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿಯ ಮೇಲ್ಪದರದ ಹಾಗೆ, ಅಲ್ಲಿ ಕಲ್ಲಿನ ಒಂದು ಪದರು ಬುಡ ಬಿಟ್ಟು ಎದ್ದಿರುತ್ತದೆ.

ಗುಂಡಿನ ಮೇಲೆ ಗುಂಡು ಕೂತದ್ದನ್ನು ನೋಡಿ ನಮ್ಮ ಜನ ಕಥೆ ಕಟ್ಟಿದ್ದಾರೆ. ಭೀಮ ಪೇರಿಸಿಟ್ಟದ್ದು, ವಾನರರು ಎಸೆದದ್ದು. ಆ ಕಥೆಗಳನ್ನು ನಾನು ಗೌರವದಿಂದಲೇ ಕೇಳುತ್ತೇನೆ, ಏಕೆಂದರೆ ಯಾರೋ ಕೂರಿಸದೆ ಹೀಗೆ ಕೂರಲು ಸಾಧ್ಯವಿಲ್ಲ ಎಂಬ ಬೆರಗು ಅವುಗಳಲ್ಲಿದೆ. ನಿಜದಲ್ಲಿ ಆ ಗುಂಡುಗಳು ಇದ್ದಲ್ಲೇ ಇವೆ, ಸುತ್ತಲಿನದು ಹೋಗಿದೆ. ಬಂಡೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿರುತ್ತವೆ. ಅವು ಬಂಡೆಯನ್ನು ಚೌಕ ಚೌಕವಾಗಿ ಕತ್ತರಿಸುತ್ತವೆ. ನೆಲದೊಳಗೆ ಇಂಗಿದ ನೀರು ಆ ಬಿರುಕುಗಳಲ್ಲಿ ನಿಂತು ಅಂಚುಗಳನ್ನು ಕೊಳೆಸುತ್ತದೆ. ಮುಖಕ್ಕೆ ಒಂದೇ ಕಡೆಯಿಂದ ನೀರು ತಾಗಿದರೆ ಮೂಲೆಗೆ ಮೂರು ಕಡೆಯಿಂದ ತಾಗುತ್ತದೆ, ಹಾಗಾಗಿ ಮೂಲೆಗಳು ಮೊದಲು ಹೋಗುತ್ತವೆ. ಚೌಕ ದುಂಡಗಾಗುತ್ತದೆ. ಇದೆಲ್ಲ ನಡೆಯುವುದು ಮಣ್ಣಿನಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ. ಎಷ್ಟೋ ಕಾಲದ ನಂತರ ಸುತ್ತಲಿನ ಗರಸು ಮಳೆಗೆ ಕೊಚ್ಚಿಹೋದಾಗ ಒಳಗಿನ ಗಟ್ಟಿ ಗುಂಡುಗಳು ಒಂದರ ಮೇಲೊಂದು ಬಯಲಿಗೆ ಬರುತ್ತವೆ. ರಸ್ತೆಗೆಂದು ಗುಡ್ಡ ಕಡಿದ ಕಡೆಗಳಲ್ಲಿ ನಿಂತು ನೋಡಿದರೆ ಇನ್ನೂ ಹುಟ್ಟದ ಗುಂಡುಗಳು ಗರಸಿನ ನಡುವೆ ಸುತ್ತಿಕೊಂಡು ಮಲಗಿರುವುದು ಕಾಣುತ್ತದೆ. ಗುಡೇಕೋಟೆ ಕರಡಿಧಾಮದ ಕರಡಿಗಳು ಹಗಲು ಕಳೆಯುವ ಗವಿಗಳೂ ಈ ಗುಂಡುಗಳ ನಡುವೆ ಮಣ್ಣು ಜಾರಿ ಉಳಿದ ಸಂದುಗಳೇ.

ಬಂಡೆಯನ್ನು ಒಡೆಯುವುದು ಬಿಸಿಲು ಎಂದು ಶಾಲೆಯಲ್ಲಿ ಓದಿದ ನೆನಪು ಎಲ್ಲರಿಗೂ ಇದೆ. ಹಗಲು ಕಾದು ಹಿಗ್ಗುತ್ತದೆ, ರಾತ್ರಿ ತಣಿದು ಕುಗ್ಗುತ್ತದೆ, ಹಾಗಾಗಿ ಬಿರಿಯುತ್ತದೆ. ಕೂಡ್ಲಿಗಿಯ ಏಪ್ರಿಲ್ ಬಿಸಿಲಲ್ಲಿ ಬರಿಗಾಲಲ್ಲಿ ಹಾಸುಬಂಡೆ ತುಳಿದವರಿಗೆ ಇದನ್ನು ನಂಬಲು ಕಷ್ಟವೇನಿಲ್ಲ. ಆದರೆ 1936ರಲ್ಲಿ ಅಮೆರಿಕದ ಡೇವಿಡ್ ಗ್ರಿಗ್ಸ್ ಎಂಬ ವಿಜ್ಞಾನಿ ಇದನ್ನು ಪರೀಕ್ಷೆಗೊಡ್ಡಿದರು. ಗ್ರಾನೈಟಿನ ಒಂದು ತುಂಡನ್ನು ನೂರು ಡಿಗ್ರಿಗೂ ಮೀರಿದ ಅಂತರದಲ್ಲಿ 89,400 ಸಲ ಕಾಯಿಸಿ ಆರಿಸಿದರು. ದಿನಕ್ಕೊಂದು ಸಲ ಎಂದು ಹಿಡಿದರೆ 244 ವರ್ಷಗಳ ಬಿಸಿಲು ಅದು. ಕಲ್ಲಿಗೆ ಏನೂ ಆಗಲಿಲ್ಲ. ಆಮೇಲೆ ಆರಿಸುವಾಗ ನೀರು ಚಿಮುಕಿಸಿದರು. ಆಗ ಅಷ್ಟು ಕಾಲ ಬೇಕಾಗಲಿಲ್ಲ, ಹೊಳಪು ಮಾಸಿ ಬಿರುಕುಗಳು ಮೂಡಿದವು. ಹಾಗೆಂದು ಬಿಸಿಲನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಗೋಡೆ ಬಿಟ್ಟು ಎದ್ದಿದ್ದ ಗ್ರಾನೈಟಿನ ದೊಡ್ಡ ಚಕ್ಕೆಯೊಂದಕ್ಕೆ ವರ್ಷಗಟ್ಟಲೆ ಅಳತೆಗೋಲು ಹಚ್ಚಿ ನೋಡಿದಾಗ, ಅದು ಹಗಲು ಗೋಡೆಯಿಂದ ಹೊರಕ್ಕೆ ಬಾಗಿ ರಾತ್ರಿ ಒಳಕ್ಕೆ ಸರಿಯುತ್ತಿದ್ದದ್ದು ಗೊತ್ತಾಯಿತು. ಬಿಸಿಲು ಇರುವ ಬಿರುಕನ್ನು ಹಿರಿದು ಮಾಡಬಲ್ಲದು. ಅಖಂಡ ಕಲ್ಲನ್ನು ಮಣ್ಣಾಗಿಸುವುದು ಮಾತ್ರ ನೀರು.

ನೀರು ಮಾಡುವ ಕೆಲಸ ಬಲು ಸೂಕ್ಷ್ಮ. ಮಳೆಹನಿ ಗಾಳಿಯಲ್ಲಿ ಬರುವಾಗಲೇ ತುಸು ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ. ಮಣ್ಣಿಗೆ ಇಳಿದರೆ ಬೇರುಗಳ, ಸೂಕ್ಷ್ಮಜೀವಿಗಳ ಉಸಿರಿನಿಂದ ಇನ್ನಷ್ಟು ಹುಳಿ. ಗ್ರಾನೈಟಿನಲ್ಲಿ ಮುಖ್ಯವಾಗಿ ಇರುವುದು ಮೂರು ಬಗೆಯ ಹರಳು. ಬೆಣಚುಕಲ್ಲು ಈ ಹುಳಿಗೆ ಸುಲಭಕ್ಕೆ ಜಗ್ಗುವುದಿಲ್ಲ, ಅದು ಹರಳಾಗಿಯೇ ಉದುರಿ ಹಳ್ಳದ ಮರಳಾಗುತ್ತದೆ. ಗುಲಾಬಿ, ಬಿಳಿ ಬಣ್ಣದ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗುತ್ತದೆ. ಕಾಗೆ ಬಂಗಾರದೊಳಗಿನ ಕಬ್ಬಿಣ ತುಕ್ಕು ಹಿಡಿದು ನೆಲಕ್ಕೆ ಆ ಕೆಂಪು ಕೊಡುತ್ತದೆ. ಮೂರರಲ್ಲಿ ಒಂದು ಕೈಬಿಟ್ಟರೂ ಉಳಿದೆರಡಕ್ಕೆ ಹಿಡಿತ ತಪ್ಪುತ್ತದೆ. ಬಂಡೆಯ ಮೇಲೆ ಬೂದು-ಹಸಿರು ಮಚ್ಚೆಗಳಾಗಿ ಹಬ್ಬುವ ಕಲ್ಲುಹೂವಿನ ಜಾತಿಯ ಜೀವಗಳೂ ತಮ್ಮ ಪಾಲಿನ ಹುಳಿ ಸುರಿಸುತ್ತವೆ. ಗುಡ್ಡದ ಮೇಲಿನ ದೊಣೆಗಳನ್ನು ನೋಡಿ: ಎಂದೋ ಒಂದು ಸಣ್ಣ ತಗ್ಗಿನಲ್ಲಿ ನೀರು ನಿಂತಿತು, ನಿಂತಲ್ಲಿ ಕಲ್ಲು ಸಡಿಲಾಯಿತು, ಸಡಿಲಾದದ್ದನ್ನು ಗಾಳಿ ಹೊತ್ತೊಯ್ದಿತು, ತಗ್ಗು ದೊಡ್ಡದಾಗಿ ಇನ್ನಷ್ಟು ನೀರು ನಿಂತಿತು. ಮಳೆ ನಿಂತು ತಿಂಗಳಾದರೂ ಕುರಿಗಾಹಿಗಳಿಗೆ, ನವಿಲುಗಳಿಗೆ ನೀರು ಸಿಗುವುದು ಅಂಥ ದೊಣೆಗಳಲ್ಲಿ.

ಎಷ್ಟು ವೇಗ ಇದಕ್ಕೆ? ಬೆಣಚುಕಲ್ಲಿನೊಳಗೆ ಆಕಾಶದಿಂದ ಬರುವ ಕಿರಣಗಳು ಬೆರಿಲಿಯಂ-10 ಎಂಬ ಪರಮಾಣುವನ್ನು ಹುಟ್ಟುಹಾಕುತ್ತಿರುತ್ತವೆ. ಅದು ಎಷ್ಟು ಕೂಡಿದೆ ಎಂದು ಎಣಿಸಿ ಆ ಬಂಡೆಯ ಮುಖ ಯಾವ ವೇಗದಲ್ಲಿ ಸವೆಯುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಜಗತ್ತಿನ ನಾನಾ ಕಡೆಯ ಬೋಳು ಬಂಡೆಗಳ ಸರಾಸರಿ ತೆಗೆದರೆ ಹತ್ತು ಲಕ್ಷ ವರ್ಷಕ್ಕೆ ಸುಮಾರು 12 ಮೀಟರ್. ಅಂದರೆ ನೂರು ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು.

ಈ ಲೆಕ್ಕವನ್ನು ನಮ್ಮ ನೆಲದಲ್ಲೇ ತಾಳೆ ನೋಡಲು ಒಂದು ಅಪರೂಪದ ಸಾಧನ ಇದೆ. ಕೂಡ್ಲಿಗಿಗೆ ತಾಗಿಕೊಂಡೇ ಇರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಕ್ರಿ.ಪೂ. 3ನೇ ಶತಮಾನದಲ್ಲಿ ಬಂಡೆಗಳ ಮೇಲೆ ಶಾಸನ ಕೆತ್ತಿಸಿದ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಗುರುತಿಸಿದರು. ಬ್ರಹ್ಮಗಿರಿಯ ಬಂಡೆಗೆ ಊರವರ ಬಾಯಲ್ಲಿ ಅಕ್ಷರ ಗುಂಡು ಎಂಬ ಹೆಸರಿತ್ತು. ಕೆತ್ತಿ ಇಪ್ಪತ್ತೆರಡು ಶತಮಾನಗಳು ದಾಟಿವೆ. ಜಗತ್ತಿನ ಸರಾಸರಿಯನ್ನೇ ಹಿಡಿದರೆ ಇಷ್ಟರಲ್ಲಿ ಎರಡೂವರೆ ಸೆಂಟಿಮೀಟರಿಗೂ ಹೆಚ್ಚು ಕಲ್ಲು ಸವೆದಿರಬೇಕು, ಉಳಿಯಿಂದ ಕೊರೆದ ಅಕ್ಷರಗಳು ಎಂದೋ ಅಳಿಸಿಹೋಗಿರಬೇಕು. ಅಕ್ಷರಗಳು ಇವೆ, ಓದಲೂ ಬರುತ್ತವೆ. ನನಗೆ ಇದರಿಂದ ಎರಡು ಸಂಗತಿ ಕಾಣುತ್ತದೆ. ಒಣ ಸೀಮೆಯ ಬೋಳು ಗ್ರಾನೈಟು ಸರಾಸರಿಗಿಂತ ತುಂಬ ನಿಧಾನ. ಜೊತೆಗೆ ಬಂಡೆ ದಿನದಿನವೂ ಸಮನಾಗಿ ಸವೆಯುವುದಿಲ್ಲ. ಸಾವಿರಾರು ವರ್ಷ ಹಾಗೇ ಇದ್ದು ಒಂದು ದಿನ ಗೇಣು ದಪ್ಪದ ಚಕ್ಕೆಯನ್ನು ಒಮ್ಮೆಗೇ ಕಳಚುತ್ತದೆ. ಅಕ್ಷರ ಗುಂಡಿಗೆ ಆ ದಿನ ಇನ್ನೂ ಬಂದಿಲ್ಲ.

ಜಟಿಂಗ ರಾಮೇಶ್ವರದ ಶಾಸನ ಮಾತ್ರ ಬಹಳ ಸವೆದಿದೆ. ಅಲ್ಲಿ ಜಾತ್ರೆಗೆ ಬರುವ ಬಳೆಗಾರರು ಆ ಬಂಡೆಯ ಮೇಲೇ ಅಂಗಡಿ ಹೂಡುತ್ತಿದ್ದರು. ಅದಕ್ಕೆ ಬಳೆಗಾರ ಗುಂಡು ಎಂದೇ ಹೆಸರು. ಒಂದೇ ದೊರೆಯ ಮಾತು, ಒಂದೇ ಕಾಲದ ಉಳಿ. ಮಳೆ ಬಿಸಿಲು ಒಂದು ಕಡೆ ಅಳಿಸಲಾಗದ್ದನ್ನು ಇನ್ನೊಂದು ಕಡೆ ಬಳೆ ಇಡಿಸಿಕೊಳ್ಳಲು ಬಂದವರ ಪಾದಗಳು ಮುಕ್ಕಾಲು ಅಳಿಸಿವೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅಲ್ಲಿ ಏನು ಬರೆದಿದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

ಹಾಗಾದರೆ ಒಂದು ಪ್ರಶ್ನೆ ಏಳಬೇಕು. ಬೋಳು ಬಂಡೆ ಎರಡು ಸಾವಿರ ವರ್ಷಕ್ಕೆ ಒಂದು ಅಕ್ಷರದಷ್ಟೂ ಸವೆಯದಿದ್ದರೆ, ಅರ್ಧ ಮೈಲಿ ಆಚೆಯ ಹೊಲದಲ್ಲಿ ಅದೇ ಬಂಡೆ ಅರವತ್ತಡಿ ಕೊಳೆತದ್ದು ಹೇಗೆ? ಉತ್ತರ ಸರಳ, ಆದರೆ ನಮ್ಮ ಸೀಮೆಯ ಬಾಳೆಲ್ಲ ಅದರ ಮೇಲೆ ನಿಂತಿದೆ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಗಳಿಗೆಯಲ್ಲಿ ಜಾರಿ ಹೋಗುತ್ತದೆ, ಕಲ್ಲು ಒಣಗಿಯೇ ಉಳಿಯುತ್ತದೆ. ಮೇಲೆ ಮಣ್ಣಿದ್ದರೆ ಅದು ನೀರನ್ನು ಹಿಡಿದು, ಬೇರುಗಳ ಹುಳಿ ಬೆರೆಸಿ, ತಿಂಗಳುಗಟ್ಟಲೆ ಬಂಡೆಗೆ ಒತ್ತಿ ಹಿಡಿದಿರುತ್ತದೆ. ಹಾಗಾಗಿ ಮಣ್ಣಿನ ಹೊದಿಕೆ ಇರುವ ಕಲ್ಲು ಬೇಗ ಮಣ್ಣಾಗುತ್ತದೆ, ಮಣ್ಣು ಕಳೆದುಕೊಂಡ ಕಲ್ಲು ಕಲ್ಲಾಗಿಯೇ ನಿಲ್ಲುತ್ತದೆ. ಗುಡ್ಡ ಗುಡ್ಡವಾಗಿ, ಬಯಲು ಬಯಲಾಗಿ ಬೇರೆಯಾದದ್ದು ಹೀಗೆ. ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಮ್ಮಿ 600 ಮಿಲಿಮೀಟರ್. ಇಷ್ಟು ಕಡಿಮೆ ನೀರಲ್ಲಿ ಅರವತ್ತಡಿ ಗರಸಾಗಲು ಎಂಥ ಉದ್ದದ ಕಾಲ ಹಿಡಿದಿರಬೇಕು! ಅದರಲ್ಲಿ ಬಹುಪಾಲು ಮನುಷ್ಯ ಹುಟ್ಟುವ ಮೊದಲಿನದು, ಮಳೆ ಇದಕ್ಕಿಂತ ಹೆಚ್ಚಿದ್ದ ಯುಗಗಳದ್ದು.

ನಾವು ಉಣ್ಣುತ್ತಿರುವುದು ಆ ಕೊಳೆತ ಕಲ್ಲನ್ನೇ. ಮಸಾರಿಯ ಕೆಂಪು ಹೊಲದಲ್ಲಿ ಶೇಂಗಾ ಏಕೆ ಚೆನ್ನಾಗಿ ಬರುತ್ತದೆ ಎಂದು ಕೂಡ್ಲಿಗಿ, ಕೊಟ್ಟೂರಿನ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ: ಹೂವಿನ ಬುಡದಿಂದ ಹೊರಟ ಊಡು ನೆಲದೊಳಗೆ ಇಳಿಯಲು ಮಣ್ಣು ಸಡಿಲಿರಬೇಕು, ಕೀಳುವಾಗ ಕಾಯಿ ನೆಲದಲ್ಲೇ ಉಳಿಯದೆ ಬಳ್ಳಿಯ ಜೊತೆ ಬರಬೇಕು. ಎರೆಯ ಕಪ್ಪು ಮಣ್ಣಿನಲ್ಲಿ ಅದು ಕಷ್ಟ. ಮಸಾರಿಯನ್ನು ಸಡಿಲಾಗಿಟ್ಟಿರುವುದು ಕರಗದೆ ಉಳಿದ ಬೆಣಚಿನ ಹರಳುಗಳು. ಪೊಟ್ಯಾಷ್ ಬರುವುದು ಫೆಲ್ಡ್‌ಸ್ಪಾರಿನಿಂದ, ಕಾಗೆ ಬಂಗಾರದಿಂದ. ಕಾಯಿ ತುಂಬಲು ಬೇಕಾದ ಕ್ಯಾಲ್ಸಿಯಂ ಮಾತ್ರ ನೀರಿನೊಡನೆ ಎಂದೋ ಹೊರಟುಹೋಗಿದೆ. ಅದಕ್ಕೇ ಹೂವಾಡುವ ಹೊತ್ತಿಗೆ ಎಕರೆಗೆ ಎರಡು ಕ್ವಿಂಟಲ್‌ನಷ್ಟು ಜಿಪ್ಸಂ ಹಾಕಿ ಎಂದು ಕೃಷಿ ಇಲಾಖೆಯವರು ಹೇಳುವುದು. ಹೋದ ಆ ಕ್ಯಾಲ್ಸಿಯಂ ಕಾಣಬೇಕಾದರೆ ತಗ್ಗಿನ ಹೊಲಗಳಲ್ಲಿ ಗುಂಡಿ ತೋಡಿ. ಮಣ್ಣಿನ ನಡುವೆ ಬಿಳಿ ಸುಣ್ಣಕಲ್ಲಿನ ಹರಳುಗಳು ಸಿಗುತ್ತವೆ. ಅದರ ಜೊತೆಗಾರ ಸೋಡಿಯಂ ನಿಂತಲ್ಲಿ ನೆಲ ಸೌಳಾಗುತ್ತದೆ.

ಹರಪನಹಳ್ಳಿ ಕಡೆಗೆ ಹೋದರೆ ಕಲ್ಲಿನ ಗುಣವೇ ಬೇರೆ. ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಚಾಲುಕ್ಯರ ಕಾಲದ ಆ ಕಂಬಗಳು ಬಳಪದಂಥ ಮೆತ್ತನೆಯ, ಹಸಿರು ಛಾಯೆಯ ಕಲ್ಲಿನವು. ಉಗುರಿಗೂ ಗೆರೆ ಬೀಳಬಹುದಾದ ಜಾತಿಯ ಕಲ್ಲು ಸಾವಿರ ವರ್ಷದ ಮೇಲೂ ತನ್ನ ಸೂಕ್ಷ್ಮ ಏಣುಗಳನ್ನು ಉಳಿಸಿಕೊಂಡಿದೆ. ಗಟ್ಟಿಯಾದದ್ದು ಉಳಿಯುತ್ತದೆ, ಮೆದುವಾದದ್ದು ಅಳಿಯುತ್ತದೆ ಎಂಬುದು ಕಲ್ಲಿನ ವಿಷಯದಲ್ಲಿ ನಿಲ್ಲುವುದಿಲ್ಲ. ಆ ಶಿಲೆಯ ಕಣಗಳು ನುಣ್ಣಗೆ, ಒತ್ತೊತ್ತಾಗಿ ಇವೆ, ನೀರು ಒಳಗೆ ಇಳಿಯಲು ದಾರಿ ಕಡಿಮೆ, ಮಳೆಯ ಹುಳಿಗೆ ಸುಲಭವಾಗಿ ಸೋಲುವ ಫೆಲ್ಡ್‌ಸ್ಪಾರ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗ್ರಾನೈಟಿನ ಮೂರು ದಪ್ಪ ಹರಳುಗಳು ಕಾದಾಗ ಒಂದೊಂದೂ ಒಂದೊಂದು ಅಳತೆಗೆ ಹಿಗ್ಗುತ್ತವೆ, ಅವುಗಳ ನಡುವೆ ಇರುವ ಬಿರುಕು ಹಿರಿದಾಗುತ್ತದೆ. ಕಲ್ಲಿಗೆ ನೀರು ಇಳಿಯದಿರುವ ಮಾತು ಬಂದರೆ ಉಜ್ಜಿನಿಯೂ ನೆನಪಾಗುತ್ತದೆ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ನಮ್ಮಲ್ಲಿದೆ. ಆ ಉಜ್ಜಿನಿಯ ಮರುಳಸಿದ್ದೇಶ್ವರ ಗುಡಿಯಲ್ಲಿ ರಥೋತ್ಸವದ ಹೊತ್ತಿಗೆ ಶಿಖರಕ್ಕೇ ತೈಲಾಭಿಷೇಕ ನಡೆಯುತ್ತದೆ. ಜರಿಮಲೆ ಪಾಳೇಗಾರರ ಮನೆತನದಿಂದ ಎಣ್ಣೆ ಬರುವ ವಾಡಿಕೆ, ಜೊತೆಗೆ ಭಕ್ತರು ತಂದ ಎಣ್ಣೆ. ಅದು ಭಕ್ತಿಯ ಸೇವೆ, ಅದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಎಣ್ಣೆ ಕುಡಿದ ಕಲ್ಲಿಗೆ ನೀರು ಬೇಗ ಇಳಿಯುವುದಿಲ್ಲ ಎಂಬುದನ್ನು ಮಾತ್ರ ದೇವರ ಕಲ್ಲಿಗೆ ಎಣ್ಣೆ ಹಚ್ಚುವ ಪ್ರತಿ ಮನೆಯವರೂ ಬಲ್ಲರು.

ಕೊಳೆಯುವ ಕಲ್ಲು ಒಳ್ಳೆಯದನ್ನಷ್ಟೇ ಬಿಟ್ಟುಕೊಡುವುದಿಲ್ಲ. ಗ್ರಾನೈಟಿನ ಕಪ್ಪು ಕಾಗೆ ಬಂಗಾರದಲ್ಲಿ, ಇನ್ನೂ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಕಲ್ಲಿನ ಸಂಗದಲ್ಲಿ ಎಷ್ಟು ಹೆಚ್ಚು ಕಾಲ ಇದ್ದರೆ ಅಷ್ಟು ಫ್ಲೋರೈಡ್ ಅದಕ್ಕೆ ಇಳಿಯುತ್ತದೆ. ಆ ನೀರಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರಂತೂ ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುವವರೇ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ. ಕೂಡ್ಲಿಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳ ಬೋರುಗಳು ಅದನ್ನು ಮೀರಿವೆ. ಹಲ್ಲಿನ ಮೇಲೆ ಕಂದು ಗೆರೆ ಮೂಡಿದ ಮಕ್ಕಳು, ನಡುವಯಸ್ಸಿಗೇ ಮೊಣಕಾಲು ಬಿಗಿದು ಗೋಡೆ ಹಿಡಿದು ಏಳುವ ಹೆಣ್ಣುಮಕ್ಕಳು ಈ ಊರುಗಳಿಗೆ ಹೊಸಬರಲ್ಲ. ಕಣ್ಣಿಗೆ ತಿಳಿಯಾದ ನೀರದು, ಬಾಯಿಗೆ ಕೆಟ್ಟ ರುಚಿಯೂ ಇಲ್ಲ. ಹಿಂದೆ ಜನ ಕುಡಿದದ್ದು ಕೆರೆಯ, ತೋಡು ಬಾವಿಯ ನೀರು. ಬಾವಿಗಳು ಗರಸಿನಲ್ಲೇ ನಿಲ್ಲುತ್ತಿದ್ದವು. ಪ್ರತಿ ಮಳೆಗಾಲ ಹೊಸ ನೀರು ಬಂದು ಹಳೆಯದನ್ನು ತೆಳುಮಾಡುತ್ತಿತ್ತು. ಗರಸು ಒಣಗಿದ ಮೇಲೆ ನಾವು ಐನೂರು, ಎಂಟುನೂರು ಅಡಿ ಇಳಿದೆವು, ಬಂಡೆಯ ಬಿರುಕುಗಳಲ್ಲಿ ಬಹುಕಾಲದಿಂದ ನಿಂತ ನೀರನ್ನು ಮೇಲೆತ್ತಿ ಕೊಡಕ್ಕೆ ತುಂಬಿಕೊಂಡೆವು. ಊರೂರಿಗೆ ಬಂದಿರುವ ಶುದ್ಧ ನೀರಿನ ಘಟಕಗಳು, ತುಂಗಭದ್ರೆಯ ಹಿನ್ನೀರಿನಿಂದ ನೀರು ತರುವ ಯೋಜನೆಗಳು ಈ ನೋವಿಗೆ ಕೊಟ್ಟ ಉತ್ತರ. ಬಾಕಿ ಇರುವ ಕೆಲಸ ಬೇಗ ಮುಗಿಯಲಿ, ಕೆಟ್ಟು ನಿಂತ ಘಟಕಗಳು ದುರಸ್ತಿಯಾಗಲಿ. ಇದರಲ್ಲಿ ತಡಕ್ಕೆ ಯಾವ ಸಮರ್ಥನೆಯೂ ಇಲ್ಲ.

ಪಕ್ಕದ ಸಂಡೂರಿನ ಅದಿರೂ ಇದೇ ಕಥೆಯ ಇನ್ನೊಂದು ಅಧ್ಯಾಯ. ಅಲ್ಲಿನ ಗುಡ್ಡಗಳ ಮೂಲ ಪಟ್ಟೆ ಕಲ್ಲಿನಲ್ಲಿ ಕಬ್ಬಿಣ ಇರುವುದು ಮೂರನೇ ಒಂದು ಪಾಲಿನ ಆಸುಪಾಸು, ಉಳಿದದ್ದು ಬಹುತೇಕ ಸಿಲಿಕಾ. ಕೋಟ್ಯಂತರ ವರ್ಷ ಮಳೆನೀರು ಆ ಸಿಲಿಕಾವನ್ನು ತೊಳೆದು ತೊಳೆದು, ಗುಡ್ಡದ ನೆತ್ತಿಯಲ್ಲಿ ಶೇಕಡ 60 ದಾಟಿದ ಕಬ್ಬಿಣವನ್ನು ಉಳಿಸಿತು. ನೀರು ಅಷ್ಟು ಕಾಲ ಮಾಡಿದ ಕೆಲಸದ ಫಲವನ್ನು ಹತ್ತೇ ವರ್ಷದಲ್ಲಿ ಲಾರಿಗೆ ತುಂಬಿ ಬಂದರಿಗೆ ಸಾಗಿಸುವ ಭರಾಟೆ ನಡೆದು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಆ ಕಾಲದ ಕೆಂಪು ಧೂಳು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ.

ಗರಸಿನ ಬಗ್ಗೆ ಅಂಥ ಗದ್ದಲ ಏಳುವುದಿಲ್ಲ. ಅದಕ್ಕೆ ಬೆಲೆ ಕಡಿಮೆ, ಎಲ್ಲೆಂದರಲ್ಲಿ ಸಿಗುತ್ತದೆ, ಮನೆ ಕಟ್ಟುವವರಿಗೂ ರಸ್ತೆ ಮಾಡುವವರಿಗೂ ಬೇಕು. ಊರ ಅಂಚಿನ ಗೋಮಾಳದಲ್ಲಿ ಜೆಸಿಬಿ ಎರಡು ದಿನ ನಿಂತರೆ ಸಾಕು, ಮೇಲಿನ ಮಣ್ಣು, ಗರಸು ಎಲ್ಲ ಟಿಪ್ಪರಿಗೆ ಹೋಗಿ ಕೆಳಗಿನ ಬೋಳು ಬಂಡೆ ಬಿಸಿಲಿಗೆ ಬೀಳುತ್ತದೆ. ಅಲ್ಲಿ ಮತ್ತೆ ಮಣ್ಣಾಗುತ್ತದೆ ಬಿಡು ಎಂದು ಸಮಾಧಾನ ಹೇಳುವವರಿಗೆ ಬ್ರಹ್ಮಗಿರಿಯ ಅಕ್ಷರಗಳನ್ನು ತೋರಿಸಬೇಕು. ನೀರು ಹಿಡಿದಿಡುವ ಹೊದಿಕೆ ಹೋದ ಮೇಲೆ ಆ ಬಂಡೆ ಮಣ್ಣು ಮಾಡುವ ಕೆಲಸವನ್ನೇ ನಿಲ್ಲಿಸುತ್ತದೆ. ಅಷ್ಟೇ ಅಲ್ಲ, ಸುತ್ತಲಿನ ಬಾವಿ ಬೋರುಗಳಿಗೆ ಮಳೆನೀರನ್ನು ಕೂಡಿಟ್ಟು ಕೊಡುತ್ತಿದ್ದದ್ದೂ ಅದೇ ಗರಸು. ಗರಸು ತೆಗೆದ ಗುಂಡಿಯಲ್ಲಿ ನೀರು ನಿಂತದ್ದನ್ನು ನೋಡಿ ಕೆರೆಯಾಯಿತು ಅಂದುಕೊಳ್ಳುತ್ತೇವೆ. ಗುಂಡಿಯ ನೀರು ಬಿಸಿಲಿಗೆ ಆವಿಯಾಗುತ್ತದೆ, ಗರಸಿನೊಳಗೆ ಇಂಗಿದ ನೀರಿಗೆ ಬಿಸಿಲು ತಾಕುವುದಿಲ್ಲ. ಗರಸು ತೆಗೆಯಲು ಅನುಮತಿ ಕೊಡುವವರು ಕ್ಯೂಬಿಕ್ ಮೀಟರಿನ ರಾಜಧನದ ಜೊತೆಗೆ, ಆ ಜಾಗದಲ್ಲಿ ಬಂಡೆಯ ಮೇಲೆ ಎಷ್ಟು ಅಡಿ ಉಳಿಯಬೇಕು ಎಂಬುದನ್ನೂ ಬರೆಯುವಂತಾಗಬೇಕು ಎಂದು ನನ್ನ ಬಲವಾದ ಅನಿಸಿಕೆ.

ಗುಂಡಿ ತೋಡದ ಕಡೆಯೂ ಮಣ್ಣು ಹೋಗುತ್ತಿದೆ, ಸದ್ದಿಲ್ಲದೆ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಅದರ ಹೊಟ್ಟೆ 133 ಟಿಎಂಸಿ ಅಡಿ. ಈಗ ಹಿಡಿಯುವುದು ಸುಮಾರು 105. ನಡುವಿನ 28 ಟಿಎಂಸಿ ಜಾಗವನ್ನು ತುಂಬಿರುವುದು ಹೂಳು. ಮಲೆನಾಡಿನ ಕಣಿವೆಗಳಿಂದ ಹಿಡಿದು ಹಡಗಲಿ, ಹಗರಿಬೊಮ್ಮನಹಳ್ಳಿಯ ಹಿನ್ನೀರಂಚಿನ ಹೊಲಗಳವರೆಗೆ ಎಲ್ಲೆಲ್ಲಿಂದಲೋ ಬಂದ ಮಣ್ಣು ಅದು, ಅಂದರೆ ಎಂದೋ ಕಷ್ಟಪಟ್ಟು ಕೊಳೆತ ಕಲ್ಲು. ಎಪ್ಪತ್ತು ವರ್ಷದಲ್ಲಿ ಹೋದದ್ದು ಎಷ್ಟು ಲಕ್ಷ ವರ್ಷದ ಗಳಿಕೆ ಎಂದು ಲೆಕ್ಕ ಹಾಕಲು ಕೂತರೆ ಮನಸ್ಸು ಭಾರವಾಗುತ್ತದೆ. ಇಳಿಜಾರಿನ ಮಸಾರಿಯಲ್ಲಿ ಬದು ಒಡೆದ ಒಂದೇ ಜಾಗದಿಂದ ಒಂದು ಜೋರು ಮಳೆಗೆ ಅಂಗೈ ಆಳದ ಕೊರಕಲು ಬೀಳುವುದನ್ನು ರೈತರು ಪ್ರತಿ ವರ್ಷ ನೋಡುತ್ತಾರೆ. ಕೊರಕಲಿನ ತಳದಲ್ಲಿ ಮೊದಲು ಕೆಂಪು, ಮರುವರ್ಷ ಬಿಳಿ ಗರಸು, ಆಮೇಲೆ ನೇಗಿಲು ತಾಕಿದರೆ ಸದ್ದಾಗುವ ಕಲ್ಲು.

ಇದಕ್ಕೆ ಈ ಸೀಮೆಯ ಜನ ಕಂಡುಕೊಂಡ ದಾರಿಯೊಂದು ಹಿಂದಿನಿಂದ ಇದೆ, ಬೇಸಿಗೆಯಲ್ಲಿ ಕೆರೆಯ ಹೂಳು ಹೊಡೆಸುವುದು. ಹೊಲದಿಂದ ಕೊಚ್ಚಿ ಬಂದದ್ದರಲ್ಲಿ ಮರಳು ಹಳ್ಳದಲ್ಲೇ ನಿಲ್ಲುತ್ತದೆ, ನುಣ್ಣನೆಯ ಜೇಡಿ ಕೆರೆಯವರೆಗೆ ಬಂದು ಕೂರುತ್ತದೆ. ನೀರು ಹಿಡಿಯುವ ಶಕ್ತಿ ಇರುವುದು ಆ ಜೇಡಿಗೆ. ಅದನ್ನು ಮತ್ತೆ ಮಸಾರಿಗೆ ಹರಡಿದರೆ ಮಳೆ ಹತ್ತು ದಿನ ತಡೆದರೂ ಬೆಳೆ ಬಾಡದೆ ತಾಳುತ್ತದೆ. ಟ್ರ್ಯಾಕ್ಟರ್ ಬಾಡಿಗೆಯ ಲೆಕ್ಕದಲ್ಲಿ ಇದು ದುಬಾರಿ ಅನ್ನಿಸಬಹುದು, ಕೆರೆ ಹತ್ತಿರವಿದ್ದವರಿಗೆ ಮಾತ್ರ ಸಾಧ್ಯ ಎಂಬುದೂ ನಿಜ. ಕೆಲಸ ಮಾಡುವುದಾದರೆ ಹದ ಬಲ್ಲವರನ್ನು ಕೇಳಿ ಮಾಡಬೇಕು. ಕೆರೆಯಂಗಳದಲ್ಲಿ ಎಲ್ಲ ಕಡೆಯ ಹೂಳೂ ಒಂದೇ ಅಲ್ಲ, ಕೋಡಿಯ ಕಡೆಯದು ಬೇರೆ, ಹಳ್ಳ ಬಂದು ಸೇರುವ ಕಡೆಯದು ಬೇರೆ, ಸೌಳಿನ ಅಂಶ ಇದ್ದರೆ ಹೊಲ ಕೆಡುತ್ತದೆ. ಒಂದು ಮುಷ್ಟಿ ಹೂಳನ್ನು ಒದ್ದೆ ಮಾಡಿ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿ ನೋಡುವ ಹಿರಿಯರು ಇನ್ನೂ ಊರೂರಲ್ಲಿ ಇದ್ದಾರೆ. ಅದರ ಜೊತೆಗೆ ಅದೇ ಹೂಳಿನ ಒಂದು ಚೀಲವನ್ನು ಮಣ್ಣು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಕೈಗೆ ಬಂದ ಮೇಲೆ ಟ್ರ್ಯಾಕ್ಟರಿಗೆ ಹೇಳಿ ಕಳಿಸುವುದು ಒಳ್ಳೆಯದು.